ಲಚ್ಚತ್ತೆ ಕಟ್ಟಿದ ಬಾಸು

ಬಚ್ಚಲಿನದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಳಗಿನದರಲ್ಲಿ ಅಮ್ಮ ಅನ್ನ ಬೇಯಿಸುತ್ತಿದ್ದಳು. ಹೊರಗಿನ ಚಾವಡಿಯದರಲ್ಲಿ ಅಪ್ಪಯ್ಯ ಮರವಜ್ರ ಕಾಯಿಸುತ್ತಿದ್ದರು. ಮರವಜ್ರವೆಂದರೆ ಬಡಗಿಗಳ ಗೋಂದು. ಕೊಳಕು ಬೆಲ್ಲದ ಚೂರಿನಂತಿರುವ ಅದನ್ನು ಹಿಂದಿನ ದಿನವೇ ನೆನೆಹಾಕಿ, ಸಣ್ಣ ಉರಿಯಲ್ಲಿ, ಕುದಿ ಬರದ ಹಾಗೆ ಕರಗಿಸಬೇಕು. ಕರಗುವಾಗ ಒದ್ದೆ ಚರ್ಮ ಸುಟ್ಟಂಥ ವಾಸನೆ ಬರುತ್ತದೆ. ಎರಡು ಒಲೆಗಳ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ ಮಾತ್ರ. ಹಾಗಾಗಿ ನನ್ನ ಬಾಲ್ಯದ ಊಟಗಳಿಗೆಲ್ಲ, ಹಬ್ಬದ ಪಾಯಸಕ್ಕೂ ಕೂಡ, ಆ ವಾಸನೆಯ ಒಂದು ಎಳೆ ಸೇರಿಕೊಂಡಿರುತ್ತಿತ್ತು. ಅಮ್ಮ ಅದಕ್ಕಾಗಿ ದಿನಕ್ಕೊಮ್ಮೆಯಾದರೂ ಜಗಳ ತೆಗೆಯುತ್ತಿದ್ದಳು. ಈಗ ನನಗೆ ಅಮ್ಮ ಬದುಕಿದ್ದಕ್ಕಿಂತ ಹೆಚ್ಚು ವಯಸ್ಸಾಗಿದೆ. ಎಲ್ಲಾದರೂ ಬಡಗಿ ಕೆಲಸ ನಡೆಯುವ ಕಡೆ ಹಾದುಹೋಗುವಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಈಗಿನವರು ಡಬ್ಬಿಯಲ್ಲಿ ಬರುವ ಬಿಳಿ ಅಂಟು ಬಳಸುತ್ತಾರೆ. ಅದಕ್ಕೆ ವಾಸನೆಯೇ ಇಲ್ಲ.

ಬಾಳೂರಿನಾಚೆಯ ಒಂದು ಕಾಫಿ ತೋಟದಲ್ಲಿ ಅಪ್ಪಯ್ಯ ಬಡಗಿಯಾಗಿದ್ದರು. ಮಂಜಾಚಾರ್ರು ಎಂದರೆ ಸುತ್ತಿನ ನಾಲ್ಕು ತೋಟಗಳಿಗೂ ಗೊತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಬಾಗಿಲು, ಗುದ್ದಲಿಗಳ ಕಾವು, ಬಂಗಲೆಯ ಕಾಲು ಮುರಿದ ಕುರ್ಚಿ ಎಲ್ಲವೂ ಅವರ ಕೈಯಿಂದಲೇ ಆಗಬೇಕು. ತೋಟದವರು ಕೊಟ್ಟ ಮನೆಯಲ್ಲಿ ಒಂದು ಕೋಣೆ, ಅಡಿಗೆಮನೆ, ಬಚ್ಚಲು; ಮುಂದೆ ತಗಡು ಹೊದಿಸಿದ ಚಾವಡಿ. ಮನೆಗಿಂತ ಚಾವಡಿಯೇ ದೊಡ್ಡದು. ಗೋಡೆಯಿಲ್ಲದ ಮೂರು ಕಡೆಗಳಿಂದಲೂ ಕಾಫಿ ಒಣಗಿಸುವ ಕಣ, ಅದರಾಚೆಯ ಇಳಿಜಾರು, ಮೇಲಿನ ರಸ್ತೆಯಿಂದ ಇಳಿದು ಬರುವ ಕಾಲುದಾರಿ ಕಾಣುತ್ತಿದ್ದವು. ನಾನು ಒಬ್ಬಳೇ ಮಗಳು. ಶಾಲೆ ದೂರವಿತ್ತು, ಹೋದ ದಿನಕ್ಕಿಂತ ಹೋಗದ ದಿನವೇ ಹೆಚ್ಚು. ನಾನು ಓದು ಕಲಿತದ್ದಕ್ಕಿಂತ ಮೊದಲು ಕಲಿತದ್ದು ಮರದ ಹಲಗೆಯನ್ನು ಬೆರಳಿನಿಂದ ಬಡಿದು, ಅದು ಒಣಗಿದೆಯೋ ಇನ್ನೂ ಹಸಿಯೋ ಎಂದು ಕಿವಿಯಿಂದ ತಿಳಿಯುವುದನ್ನು. ಅದನ್ನು ಕಲಿಸಿದವಳು ಲಚ್ಚತ್ತೆ.

ಲಚ್ಚತ್ತೆ ಅಪ್ಪಯ್ಯನ ತಂಗಿ. ಕಳಸದ ಅಕ್ಕಸಾಲಿಯೊಬ್ಬರಿಗೆ ಕೊಟ್ಟು ಮದುವೆ ಮಾಡಿದ್ದರು. ಬಹಳ ವರ್ಷವಾದರೂ ಮಕ್ಕಳಾಗಲಿಲ್ಲ. ಅತ್ತೆಯ ಅತ್ತೆ ಹಟ ಹಿಡಿದು ಮಗನಿಗೆ ಇನ್ನೊಂದು ಮದುವೆ ಮಾಡಿಸಿದಳು. ಆ ಮದುವೆಯ ಹೋಳಿಗೆಗೆ ಹೂರಣ ರುಬ್ಬಿದವಳು ಲಚ್ಚತ್ತೆಯೇ. ಮದುಮಗಳನ್ನು ಒಳಗೆ ಕರೆದುಕೊಂಡು, ನೆಂಟರಿಗೆಲ್ಲ ಬಡಿಸಿ, ಮಾರನೆಯ ದಿನ ಬಟ್ಟೆಗಂಟು ಹಿಡಿದು ನಡೆದುಕೊಂಡು ನಮ್ಮ ಮನೆಗೆ ಬಂದಳು. ಅಮ್ಮ ಏನನ್ನೂ ಕೇಳದೆ ಕಾಲಿಗೆ ನೀರು ಕೊಟ್ಟಳಂತೆ. ನಂತರದ ದಿನಗಳಲ್ಲಿ ಮಾತ್ರ ಇಬ್ಬರಿಗೂ ಅಷ್ಟಾಗಿ ಹೊಂದಲಿಲ್ಲ. ಅತ್ತೆಗೆ ಅಡಿಗೆಯಲ್ಲಿ ಮನಸ್ಸಿರಲಿಲ್ಲ. ಅಕ್ಕಿ ಆರಿಸಲು ಮೊರ ಹಿಡಿದು ಚಾವಡಿಗೆ ಬಂದು ಕೂತರೆ ಅವಳ ಕಣ್ಣು ಅಪ್ಪಯ್ಯನ ಕೈಯ ಮೇಲಿರುತ್ತಿತ್ತು. ಊಟದಲ್ಲಿ ಕಲ್ಲು ಸಿಕ್ಕಿದ ದಿನವೆಲ್ಲ ಅಮ್ಮ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದಳು:

"ಇವತ್ತೂ ಅಕ್ಕಿ ನೋಡಿಲ್ಲ, ಮರ ನೋಡಿದಾಳೆ."

ಗಿಟಾರು ಎಂಬ ಪದಾರ್ಥ ನಮ್ಮ ಮನೆಗೆ ಬಂದದ್ದು ರೈಟರ ದೆಸೆಯಿಂದ. ತೋಟದ ಲೆಕ್ಕ ಬರೆಯುವ ರೈಟರು ಲಾಜರಸ್ ಎಂಬವರು, ಮಂಗಳೂರಿನ ಕಡೆಯವರು, ಹೆಂಡತಿ ತೀರಿಹೋಗಿ ಒಬ್ಬರೇ ಇದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ರಜೆಗೆ ಊರಿಗೆ ಹೋದವರು ಚಾರ್ಮಾಡಿ ಘಾಟಿ ಹತ್ತಿ ವಾಪಸು ಬರುವಾಗ ಬಸ್ಸಿನ ಮೇಲಿಟ್ಟಿದ್ದ ಅವರ ಗಿಟಾರಿನ ಮೇಲೆ ಯಾರದೋ ಅಕ್ಕಿಮೂಟೆ ಬಿದ್ದು, ಕುತ್ತಿಗೆ ಮುರಿದಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ, ಏಟು ಬಿದ್ದ ಕರುವನ್ನು ತರುವ ಹಾಗೆ ಎರಡು ಕೈಯಲ್ಲಿ ಹಿಡಿದು ತಂದರು. ಮಹಾಯುದ್ಧ ನಡೆಯುತ್ತಿದ್ದ ಕಾಲ. ಹೊಸದನ್ನು ತರಿಸುವ ಮಾತೇ ಇರಲಿಲ್ಲ.

"ಆಚಾರ್ರೇ, ಇದು ನನ್ನ ಹೆಂಡತಿಗೆ ನುಡಿಸಿ ಕೇಳಿಸಿದ ಗಿಟಾರು. ಎಂತಾದ್ರೂ ಮಾಡಿ" ಎಂದರು.

ಅಪ್ಪಯ್ಯ ಗುದ್ದಲಿ ಕಾವಿಗೆ ಮಾಡುವಂತೆ ಎರಡು ಮೊಳೆ ಹೊಡೆದು, ದಾರ ಬಿಗಿದು ಕೊಟ್ಟರು. ಎಂಟು ದಿನಕ್ಕೆ ಅದು ಮತ್ತೆ ಮುರಿದು ಬಂತು. ಅಪ್ಪಯ್ಯ ಮುರಿದ ತುದಿಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಅತ್ತೆ ಮೊರ ಕೆಳಗಿಟ್ಟಳು.

"ಮೊಳೆ ನಿಲ್ಲದಿಲ್ಲ ಅಣ್ಣಯ್ಯ. ತಂತಿ ಎಳೀತದಲ್ಲ, ಎಳೆದ ಕಡೆಗೇ ಅದು ಬಾಯಿ ಬಿಡ್ತದೆ. ಎರಡೂ ತುದಿನ ಓರೆಯಾಗಿ ಕೀಸಿ, ಒಂದರ ಮೇಲೊಂದು ಮಲಗಿಸಿ ಅಂಟಿಸು."

"ನಿಂಗ್ಯಾರು ಹೇಳಿಕೊಟ್ರು?"

"ಅಪ್ಪ ನಿಂಗೆ ಹೇಳಿಕೊಡೋವಾಗ ನಾನೂ ಅಲ್ಲೇ ಇದ್ನಲ್ಲ."

ನಮ್ಮವರಲ್ಲಿ ಹೆಂಗಸರು ಉಳಿ ಮುಟ್ಟುವ ಪದ್ಧತಿ ಇರಲಿಲ್ಲ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚುವುದಕ್ಕಷ್ಟೇ. ಮರ ನುಣುಪು ಮಾಡಲು ಗರಗತ್ತಿ ಮರದ ಒರಟು ಎಲೆಯಿಂದ ಉಜ್ಜುತ್ತಾರೆ. ಆ ಕೆಲಸ ಮಾತ್ರ ಹೆಂಗಸರು ಮಾಡಬಹುದಿತ್ತು. ಅಪ್ಪಯ್ಯ ಅತ್ತೆ ಹೇಳಿದ ಹಾಗೆ ಓರೆ ಕೀಸಲು ಕೂತರು. ಮೊದಲ ಸಲ ಕೂಡಲಿಲ್ಲ, ಎರಡನೆಯ ಸಲ ಸಂದು ಬಿತ್ತು. ಮೂರನೆಯ ಸಲ ಉಳಿಯನ್ನು ನೆಲದ ಮೇಲಿಟ್ಟು, ಕಾಲಿನಿಂದ ಅತ್ತೆಯ ಕಡೆ ಮೆಲ್ಲನೆ ಸರಿಸಿ, ಎದ್ದು ಕಣದ ಕಡೆ ಹೊರಟುಹೋದರು. ಅವರು ತಿರುಗಿ ಬರುವಷ್ಟರಲ್ಲಿ ಎರಡು ತುದಿಗಳೂ ಒಂದಕ್ಕೊಂದು ಕೂತಿದ್ದವು. ಅಪ್ಪಯ್ಯ ಸಂದಿನಲ್ಲಿ ಉಗುರು ಆಡಿಸಿದರು. ಉಗುರು ಎಲ್ಲೂ ತಡೆಯಲಿಲ್ಲ. ಆ ಮೇಲೆ ಆ ಉಳಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಗಿಟಾರು ಕೊಡುವ ಮೊದಲು ಅತ್ತೆ ಅದನ್ನು ಮೂರು ದಿನ ಇಟ್ಟುಕೊಂಡಳು. ದಾರ ಹಿಡಿದು ಅಳೆದಳು, ತೂತಿನೊಳಗೆ ಕೈಬಿಟ್ಟು ಒಳಗಿನ ಪಟ್ಟಿಗಳನ್ನು ತಡವಿದಳು, ಇದ್ದಿಲಿನಿಂದ ಚಾವಡಿಯ ನೆಲದ ಮೇಲೆ ಅದರ ಆಕಾರ ಬರೆದಳು. ಆ ಇದ್ದಿಲ ಗೆರೆಯನ್ನು ದಾಟಿಕೊಂಡು ಓಡಾಡಬೇಕೆಂದು ನನಗೆ ಅಪ್ಪಣೆಯಾಯಿತು. ಅಣ್ಣ ತಂಗಿ ಸೇರಿ ಅಂಥದೇ ಒಂದು ಗಿಟಾರು ಕಟ್ಟಲು ಹೊರಟರು. ಬೆನ್ನಿಗೆ ಹಲಸು, ವೀಣೆಗೆ ಅದೇ ಮರವಲ್ಲವೇ ಎಂಬುದು ಅಪ್ಪಯ್ಯನ ವಾದ. ಮುಂದಿನ ಹಲಗೆಗೆ ಹಗುರ ಮರ ಬೇಕಿತ್ತು. ಪಲ್ಪರ್ ಯಂತ್ರದ ಬಿಡಿಭಾಗಗಳು ಹಡಗಿನಲ್ಲಿ ಬಂದಿದ್ದ ಪೆಟ್ಟಿಗೆಯೊಂದು ಗೋದಾಮಿನ ಮೂಲೆಯಲ್ಲಿ ಬಿದ್ದಿತ್ತು. ಬಿಳಿ ಮರ, ನೇರವಾದ ಎಳೆ, ಬಡಿದರೆ ಗಂಟೆಯ ಹಾಗೆ ನಾದ. ಅದರ ಮೇಲೆ ಇಂಗ್ಲಿಷಿನ ಕಪ್ಪು ಅಕ್ಷರಗಳಿದ್ದವು. ಅವನ್ನು ಒಳಮುಖ ಮಾಡಿ ಅಂಟಿಸಿದರು. ಪಕ್ಕೆಗೆ ಬೀಟೆ ಮರದ ತೆಳು ಪಟ್ಟಿ. ಅದನ್ನು ಬಾಗಿಸಬೇಕಾದರೆ ಬಿಸಿನೀರಿನಲ್ಲಿ ನೆನೆಸಬೇಕು. ಅಷ್ಟು ದೊಡ್ಡ ಬಿಸಿನೀರಿನ ಪಾತ್ರೆ ಮನೆಯಲ್ಲಿದ್ದದ್ದು ಒಂದೇ, ಬಚ್ಚಲಿನ ಹಂಡೆ.

ಅದೊಂದು ವಾರ ನಮ್ಮ ಮನೆಯಲ್ಲಿ ಬೀಟೆಯ ಕಷಾಯದಲ್ಲೇ ಎಲ್ಲರ ಸ್ನಾನ. ನೀರು ನೇರಳೆ ಕೆಂಪಿಗೆ ತಿರುಗಿತ್ತು. ಅಮ್ಮ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದವಳು, ತಂಬಿಗೆ ಮೊಗೆದು, ಹಾಗೇ ಹೊರಗೆ ಬಂದಳು.

"ಮಿಂದರೆ ನಾನು ಯಾವ ಬಣ್ಣ ಆಗ್ತೀನಿ ಅಂತ ಮೊದ್ಲೇ ಹೇಳಿಬಿಡಿ" ಎಂದಳು.

"ಮರ ತಣ್ಣಗಾದ್ರೆ ಬಿರುಕು ಬಿಡ್ತದೆ ಅತ್ತಿಗೆ. ಇವತ್ತೊಂದು ದಿನ" ಎಂದಳು ಅತ್ತೆ.

"ನಿನ್ನೆನೂ ಇವತ್ತೊಂದು ದಿನ ಅಂದಿದ್ದೆ."

ಅಪ್ಪಯ್ಯ ಚಾವಡಿಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದರು. ಅವರು ಆಗಲೇ ಮಿಂದು ಬಂದಿದ್ದರು. ಹೆಗಲ ಮೇಲಿನ ಬಿಳಿ ಪಂಚೆ ಕೆಂಪಾಗಿತ್ತು. ಅದನ್ನು ನೋಡಿ ಮೊದಲು ನಕ್ಕವಳು ಅಮ್ಮನೇ.

ಆ ಗಿಟಾರು ಮಳೆಗಾಲದ ಕೊನೆಗೆ ಬರುವ ಹುಬ್ಬೆ ಮಳೆಯವರೆಗೂ ಬಾಳಲಿಲ್ಲ. ಜಡಿಮಳೆ ಹಿಡಿದ ಎರಡನೆಯ ವಾರವೇ ಮರವಜ್ರ ಮೆತ್ತಗಾಗಿ, ಬೆನ್ನು ಒಂದು ಕಡೆ, ಹೊಟ್ಟೆ ಒಂದು ಕಡೆ ಬಾಯಿ ಬಿಟ್ಟಿತು. ಅಪ್ಪಯ್ಯ ಇದು ನಮ್ಮ ಸೀಮೆಗೆ ಹೇಳಿದ್ದಲ್ಲ ಎಂದು ಕೈಬಿಟ್ಟರು. ಅತ್ತೆ ಬಿಡಲಿಲ್ಲ. ಮರದ ತುಂಡುಗಳನ್ನೆಲ್ಲ ಅಡಿಗೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ಮಳೆಗಾಲ ಪೂರ್ತಿ ಹೊಗೆಯಲ್ಲಿ ಒಣಗಿಸಿದಳು. ಎರಡನೆಯದನ್ನು ಕಟ್ಟಿದ್ದು ಕಾಫಿ ಹಣ್ಣಾಗುವ ಕಾಲದಲ್ಲಿ. ಹಳೆಯ ಹಿತ್ತಾಳೆ ಚೊಂಬಿನ ಅಂಚು ಕತ್ತರಿಸಿ, ಅದರ ಕುತ್ತಿಗೆಗೆ ಬೆರಳು ಒತ್ತುವ ಮೆಟ್ಟಿಲುಗಳನ್ನು ಕೂರಿಸಿದಳು. ಅದು ನಿಂತಿತು. ರೈಟರು ತಮ್ಮ ಹಳೆಯ ತಂತಿಗಳನ್ನು ಅದಕ್ಕೆ ಕಟ್ಟಿ, ಮುಖ ಆಚೆ ತಿರುಗಿಸಿಕೊಂಡು ಬಹಳ ಹೊತ್ತು ನುಡಿಸಿದರು. ಆಮೇಲೆ ಅತ್ತೆಗೆ ಶ್ರುತಿ ಕೂಡಿಸುವುದನ್ನು, ಮೂರು ನಾಲ್ಕು ಹಿಡಿತಗಳನ್ನು ಹೇಳಿಕೊಟ್ಟರು. ಭಾನುವಾರ ಊಟವಾದ ಮೇಲೆ ಅವರು ನಮ್ಮ ಚಾವಡಿಗೆ ಬರುವುದು ರೂಢಿಯಾಯಿತು. ಅವರದು ಒಂದು, ಅತ್ತೆಯದು ಒಂದು. ಅಮ್ಮ ಒಳಗಿನಿಂದ ಬೆಲ್ಲದ ಕಾಫಿ ಕಳಿಸುತ್ತಿದ್ದಳು; ತಾನು ಹೊರಗೆ ಬರುತ್ತಿರಲಿಲ್ಲ.

ಅಂಥ ಒಂದು ಭಾನುವಾರ ರೈಟರು ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ಎರಡೂ ಮೇಲೆ ಮೇಲೆ ಹಾರ್ತದೆ ಮಗಳೇ. ಕೆಳಗೆ ಹಿಡ್ಕೊಳ್ಳುವವರು ಯಾರೂ ಇಲ್ಲ. ಊರಲ್ಲಿ ಮದುವೆ ಬ್ಯಾಂಡಿನಲ್ಲಿ ಬಾಸು ಅಂತ ಒಂದು ಉಂಟು. ಮನುಷ್ಯನಷ್ಟು ಎತ್ತರ. ನಿಂತ್ಕೊಂಡೇ ನುಡಿಸ್ಬೇಕು. ಅದರ ಸ್ವರ ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗ್ತದೆ."

ಅತ್ತೆ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಳು. "ಗಿರಿಜೆ, ನನ್ನ ಹಣೆ ಹತ್ರ ಒಂದು ಗೆರೆ ಹಾಕು" ಎಂದಳು. ನಾನು ಮಣೆಯ ಮೇಲೆ ಹತ್ತಿ ಇದ್ದಿಲಿನಿಂದ ಗೆರೆ ಹಾಕಿದೆ. ತಾನು ಒಮ್ಮೆಯೂ ನೋಡದ, ಕೇಳದ ಒಂದು ವಾದ್ಯವನ್ನು ಲಚ್ಚತ್ತೆ ಆ ಗೆರೆಯಿಂದ ಕಟ್ಟಲು ತೊಡಗಿದಳು. ಅಪ್ಪಯ್ಯ ಇದರಲ್ಲಿ ಕೈ ಹಾಕಲಿಲ್ಲ. ತೋಟದಲ್ಲಿ ಕೊಯ್ಲಿನ ಕೆಲಸ ತುಂಬಿತ್ತು ಎಂಬುದು ಒಂದು ಕಾರಣ. ಇದು ಪೂರ್ತಿ ಅವಳದೇ ಆಗಲಿ ಎಂದು ಅವರಿಗೆ ಅನಿಸಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷದ ನಂತರ.

ತಂತಿಯದೇ ದೊಡ್ಡ ಸಮಸ್ಯೆ. ಅಷ್ಟು ಉದ್ದಕ್ಕೆ, ಅಷ್ಟು ದಪ್ಪಕ್ಕೆ ತಂತಿ ಎಲ್ಲಿಂದ ತರುವುದು? ಸೈಕಲ್ಲಿನ ಬ್ರೇಕ್ ವೈರನ್ನು ಒಂದು ಹಲಗೆಗೆ ಬಿಗಿದು ಮೀಟಿ ನೋಡಿದಳು. ಕರ್ಕಶವಾಗಿ ಕಿರುಚಿತು. ಬೇಸಿಗೆ ಶುರುವಾಗುವ ಹೊತ್ತಿಗೆ ಪ್ರತಿ ವರ್ಷದಂತೆ ಪಿಂಜಾರ ಹುಸೇನಜ್ಜ ಬಂಗಲೆಯ ಹಾಸಿಗೆಗಳ ಹತ್ತಿ ಹಿಂಜಲು ಬಂದ. ಅವನ ದೊಡ್ಡ ಬಿಲ್ಲಿಗೆ ಕುರಿಯ ಕರುಳಿನಿಂದ ಹೊಸೆದ ಹುರಿ ಕಟ್ಟಿರುತ್ತದೆ. ಹುರಿಯನ್ನು ಮರದ ಗುಂಡಿನಿಂದ ಮೀಟುತ್ತ ಹತ್ತಿ ಹಾರಿಸುವಾಗ ಅದು ಡುಂಯ್ ಡುಂಯ್ ಎನ್ನುತ್ತದೆ. ಬಂಗಲೆಯ ಹಿತ್ತಲಿನಿಂದ ಆ ಸದ್ದು ನಮ್ಮ ಚಾವಡಿಗೆ ಕೇಳಿಸಿತು. ಅತ್ತೆ ಕೀಸುಳಿಯನ್ನು ಅಲ್ಲೇ ಬಿಟ್ಟು, ನನ್ನ ಕೈ ಹಿಡಿದು, ಏರು ಹತ್ತಿದಳು. ಹುಸೇನಜ್ಜ ಅವಳ ಮಾತೆಲ್ಲ ಕೇಳಿ, ಅರ್ಥವಾಯಿತೋ ಇಲ್ಲವೋ, ಚೀಲದಿಂದ ಮೂರು ಹುರಿ ತೆಗೆದು ಕೊಟ್ಟ.

"ಅಕ್ಕಾ, ನಾನು ಇದರಲ್ಲಿ ಹತ್ತಿ ಹಾರಿಸ್ತೀನಿ. ನೀವು ಏನು ಹಾರಿಸ್ತೀರೋ ಹಾರ್ಸಿ" ಎಂದ.

ಅಮ್ಮ ಕರುಳಿನ ಹುರಿಯನ್ನು ಹೊಸಿಲು ದಾಟಿಸಲು ಒಪ್ಪಲಿಲ್ಲ.

"ದೇವಸ್ಥಾನದ ಮದ್ದಳೆಗೆ ಚರ್ಮ ಇಲ್ವಾ ಅತ್ತಿಗೆ?"

"ಅದನ್ನ ದೇವಸ್ಥಾನದವರು ನೋಡ್ಕೋತಾರೆ. ಇದು ನನ್ನ ಅಡಿಗೆಮನೆ."

ಹುರಿಗಳು ಚಾವಡಿಯ ಕಂಬದಲ್ಲೇ ನೇತಾಡಿದವು. ಮೂರೇ ಹುರಿ ಸಿಕ್ಕಿದ್ದರಿಂದ ಅತ್ತೆಯ ಬಾಸಿಗೆ ಮೂರೇ ತಂತಿ ಎಂದಾಯಿತು.

ಆ ಕೆಲಸದ ದಿನಗಳು ನನ್ನೊಳಗೆ ಒಂದೇ ಒಂದು ಉದ್ದನೆಯ ಮಧ್ಯಾಹ್ನವಾಗಿ ಉಳಿದಿವೆ. ಕಣದಲ್ಲಿ ಕಾಫಿಯನ್ನು ಕಾಲಿನಿಂದ ಎಳೆದು ತಿರುವುವ ಹೆಂಗಸರ ಸದ್ದು, ಚಾವಡಿಯಲ್ಲಿ ಕೀಸುಳಿಯ ಸದ್ದು. ಮರದ ಸುರುಳಿಗಳು ನನ್ನ ಮಂಡಿಯವರೆಗೆ ಬಿದ್ದಿರುತ್ತಿದ್ದವು. ಅತ್ತೆ ಮುಂದಿನ ಹಲಗೆಯನ್ನು ಸ್ವಲ್ಪ ಕೀಸುವುದು, ಎತ್ತಿ ಹಿಡಿದು ಗೆಣ್ಣಿನಿಂದ ಬಡಿಯುವುದು, ನನ್ನ ಕಡೆ ನೋಡುವುದು. "ಹೆಂಗಿದೆ?" ನಾನು ಕಣ್ಣು ಮುಚ್ಚಿ ಹೇಳಬೇಕು. "ಇನ್ನೂ ಮೂಗಲ್ಲಿ ಮಾತಾಡ್ತದೆ ಅತ್ತೆ." ಅವಳು ಮತ್ತೆ ಕೀಸುತ್ತಿದ್ದಳು. ನನ್ನ ಮಾತು ನಂಬಿ ಒಬ್ಬ ದೊಡ್ಡವಳು ಮರ ಕೀಸುತ್ತಾಳೆ ಎಂಬುದು ನನಗೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂದು ಹೇಳಲಾರೆ. ಮುಂದೆ ಶಾಲಾ ಉಪಾಧ್ಯಾಯಿನಿಯಾಗಿ ಮಕ್ಕಳ ಮಾತು ಮುಗಿಯುವ ತನಕ ಕಾಯಲು ನಾನು ಕಲಿತದ್ದಿದ್ದರೆ ಅದು ಅಲ್ಲಿಂದ. ಕೆಲಸ ಮಾಡುವಾಗ ಅತ್ತೆಯ ಮುಖದಲ್ಲಿ ಕಳಸದಿಂದ ಬಂದ ಅತ್ತೆ ಇರುತ್ತಿರಲಿಲ್ಲ. ತುಟಿ ಕಚ್ಚಿಕೊಂಡ, ಕೂದಲಿನಲ್ಲಿ ಮರದ ಪುಡಿ ತುಂಬಿದ ಬೇರೆ ಯಾರೋ ಇರುತ್ತಿದ್ದಳು. ಅವಳನ್ನು ನಾನು ಅಮ್ಮನಿಗಿಂತ ಹೆಚ್ಚು ಪ್ರೀತಿಸುತ್ತಿದ್ದೆ. ಅದು ಅಮ್ಮನಿಗೂ ಗೊತ್ತಿತ್ತು.

ಕಾಫಿ ಹೂ ಬಿಟ್ಟ ವಾರ. ಇಳಿಜಾರೆಲ್ಲ ಬೆಳ್ಳಗಾಗಿತ್ತು. ಬಾಸಿನ ಬೆನ್ನು, ಪಕ್ಕೆ ಕೂಡಿದ್ದವು. ಹೊಟ್ಟೆ ಇನ್ನೂ ಅಂಟಿಸಿರಲಿಲ್ಲ. ಅತ್ತೆ ಬಚ್ಚಲಿನ ಒಲೆಯ ಬಳಿ ಕುತ್ತಿಗೆಯ ಮರಕ್ಕೆ ಶಾಖ ಕೊಡುತ್ತಿದ್ದಳು. ಮೇಲಿನ ರಸ್ತೆಯಿಂದ ಕಾಲುದಾರಿಯಲ್ಲಿ ಒಬ್ಬ ಗಂಡಸು ಎದೆಗೆ ಏನನ್ನೋ ಅವಚಿಕೊಂಡು ಇಳಿದು ಬಂದ. ಹತ್ತಿರವಾದಾಗ ಅದು ಬಟ್ಟೆಯಲ್ಲಿ ಸುತ್ತಿದ ಕೂಸು ಎಂದು ತಿಳಿಯಿತು. ಅಪ್ಪಯ್ಯ ಮರ ಕೆತ್ತುವ ಬಾಚಿಯನ್ನು ಹಿಡಿದುಕೊಂಡೇ ಎದ್ದು ನಿಂತರು. ಬಂದವರು ಕಳಸದ ಮಾವ, ಅತ್ತೆಯ ಗಂಡ. ನಾನು ಮನಸ್ಸಿನಲ್ಲಿ ರಾಕ್ಷಸನಂತೆ ಕಲ್ಪಿಸಿಕೊಂಡಿದ್ದವರು. ನೋಡಿದರೆ ಸಣಕಲು ಮನುಷ್ಯ, ಕಣ್ಣಿನ ಕೆಳಗೆ ಕಪ್ಪು. ಎರಡನೆಯ ಹೆಂಡತಿ ಬಾಣಂತನದಲ್ಲೇ ತೀರಿಹೋಗಿದ್ದಳು.

"ಮಗು ಹಾಲು ಕುಡೀತಿಲ್ಲ ಭಾವ. ಮನೇಲಿ ಅಮ್ಮಂಗೆ ಕಣ್ಣು ಕಾಣ್ಸಲ್ಲ. ಕೇಳೋಕೆ ನಂಗೆ ಮುಖ ಇಲ್ಲ."

"ಮುಖ ಇಲ್ಲ ಅಂತ ಗೊತ್ತಿದ್ದೂ ಬಂದ್ರಲ್ಲ" ಎಂದರು ಅಪ್ಪಯ್ಯ. "ಅವಳು ಇಲ್ಲಿಲ್ಲ. ಮೂಡಿಗೆರೆಗೆ ಹೋಗಿದಾಳೆ."

ಅಪ್ಪಯ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಮ್ಮ ಕೂಸನ್ನು ಎತ್ತಿಕೊಂಡು, ಹಸುವಿನ ಹಾಲಿಗೆ ನೀರು ಬೆರೆಸಿ, ಬತ್ತಿಯಿಂದ ಕುಡಿಸಲು ನೋಡಿದಳು. ಅದು ಉಗುಳಿ ಅತ್ತಿತು. ಬೆಕ್ಕಿನ ಮರಿಯಂಥ ಸಣ್ಣ ಅಳು. ನನಗೆ ದೊಡ್ಡವರ ಲೆಕ್ಕಾಚಾರ ಯಾವುದೂ ತಿಳಿಯಲಿಲ್ಲ. ಅತ್ತೆಗೆ ಮಕ್ಕಳಿಲ್ಲ ಎಂಬುದು ಗೊತ್ತಿತ್ತು, ಈಗ ಒಂದು ಮಗು ಬಂದಿದೆ ಎಂಬುದು ಕಣ್ಣಿಗೆ ಕಂಡಿತ್ತು. ಹಿಂದಿನಿಂದ ಬಚ್ಚಲಿಗೆ ಓಡಿದೆ.

"ಅತ್ತೆ, ಬಾ. ಪಾಪು ಬಂದಿದೆ."

ಅವಳು ಬಂದಳು. ಕೈಯೆಲ್ಲ ಮಸಿ. ಗಂಡನ ಕಡೆ ನೋಡಲೇ ಇಲ್ಲ. ಅಮ್ಮನ ತೊಡೆಯಿಂದ ಕೂಸನ್ನು ಎತ್ತಿಕೊಂಡು, ಸೆರಗಿನ ತುದಿಯನ್ನು ಹಾಲಿನಲ್ಲಿ ಅದ್ದಿ, ಅದರ ಬಾಯಿಗೆ ಇಟ್ಟಳು. ಅದು ಚೀಪಿತು. ಎಲ್ಲರೂ ಆ ಸಣ್ಣ ಬಾಯಿಯನ್ನೇ ನೋಡುತ್ತ ನಿಂತಿದ್ದರು.

"ಹೆಸರೇನು?" ಎಂದಳು ಅತ್ತೆ.

"ಇಟ್ಟಿಲ್ಲ."

"ಅದನ್ನೂ ನಾನೇ ಮಾಡ್ಬೇಕಾ?"

ಮಗುವನ್ನು ಇಲ್ಲೇ ಸಾಕಲಿ, ನಮ್ಮ ಮನೆಯಲ್ಲೇ ಬೆಳೆಯಲಿ ಎಂದು ಅಪ್ಪಯ್ಯ ಹೇಳಿನೋಡಿದರು. ಮಾವ ಕೈ ಮುಗಿದರು. ಕುರುಡಿ ಮುದುಕಿಗೆ ಕೈಯಿಂದ ಮುಟ್ಟಿ ನೋಡಲು ಉಳಿದಿರುವುದು ಅದೊಂದೇ, ಅದನ್ನು ಮಾತ್ರ ಕೇಳಬೇಡಿ ಎಂದರು. ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಮಾತಾಡಿದಳು. ಅಳುಕಿರಲಿಲ್ಲ.

"ನನ್ನ ಕೆಲಸ ಅರ್ಧ ಆಗಿದೆ. ಅದು ಮುಗಿದ ಮೇಲೆ ಬರ್ತೀನಿ. ಅಲ್ಲೀವರೆಗೆ ಮಗು ಇಲ್ಲೇ ಇರ್ಲಿ. ನಾನು ಬರೋದು ಇದಕ್ಕೋಸ್ಕರ. ನಿಮಗೋಸ್ಕರ ಅಲ್ಲ. ತಿಳೀತಾ?"

"ಎಷ್ಟು ದಿನ ಆಗ್ತದೆ?"

"ಮರ ಹೇಳಿದಷ್ಟು."

ಮಾವ ತಲೆಯಾಡಿಸಿ, ಅಮ್ಮ ಕೊಟ್ಟ ಕಾಫಿ ಕುಡಿದು, ಏರು ಹತ್ತಿ ಹೋದರು. ಅತ್ತೆ ಮಗುವಿಗೆ ಶಾರದೆ ಎಂದು ಹೆಸರಿಟ್ಟಳು. ಚಾವಡಿಯ ತೊಲೆಗೆ ಸೀರೆಯ ತೊಟ್ಟಿಲು ಕಟ್ಟಿದಳು. ಮರದ ಪುಡಿ ಹಾರುತ್ತದೆಂದು ಅಮ್ಮ ಅದನ್ನು ಬಿಚ್ಚಿ ಒಳಗೆ ಕಟ್ಟಿದಳು. ಒಂದೂವರೆ ತಿಂಗಳು ಹಾಗೆ ನಡೆಯಿತು. ಅತ್ತಿಗೆ ನಾದಿನಿಯರ ಜಗಳ ನಿಂತೇಹೋಯಿತು. ಅಮ್ಮ ತೊಟ್ಟಿಲು ತೂಗುತ್ತ ಅಕ್ಕಿ ಆರಿಸುತ್ತಿದ್ದಳು, ಅತ್ತೆ ಹೊರಗೆ ಬೇಕಾದಷ್ಟು ಹೊತ್ತು ಕೆಲಸ ಮಾಡುತ್ತಿದ್ದಳು. ನನಗೆ ಮಾತ್ರ ದಿನದಿನಕ್ಕೂ ಭಯ ಹೆಚ್ಚುತ್ತಿತ್ತು. ಹೊಟ್ಟೆ ಅಂಟಿತು. ಕುತ್ತಿಗೆ ಕೂತಿತು. ತಂತಿಯನ್ನು ಎತ್ತಿ ಹಿಡಿಯುವ ಕುದುರೆಯೂ ಆಯಿತು. ಇನ್ನು ಉಳಿದದ್ದು ತಂತಿ ಬಿಗಿಯುವ ಮೂರು ಬಿರಡೆಗಳು. ಬಂಗಲೆಯವರು ಬಿಸಾಡಿದ್ದ ಮಂಚದ ಬೀಟೆ ಕಾಲಿನಿಂದ ಅವನ್ನು ಕೆತ್ತಿ, ಎಣ್ಣೆ ಹಚ್ಚಿ ಸಾಲಾಗಿ ಇಟ್ಟಿದ್ದಳು. ನಾನು ಮೂರನ್ನೂ ಲಂಗದಲ್ಲಿ ಬಚ್ಚಿಟ್ಟುಕೊಂಡು ಹೋಗಿ ಗೊಬ್ಬರದ ಗುಂಡಿಯ ಹಿಂದೆ ಹೂತುಬಿಟ್ಟೆ.

ಮಾರನೆಯ ಬೆಳಿಗ್ಗೆ ಅತ್ತೆ ಹುಡುಕಲೇ ಇಲ್ಲ. ಹೊಸ ತುಂಡು ತೆಗೆದುಕೊಂಡು ಕೆತ್ತಲು ಕೂತಳು. ನಾನು ಕಂಬದ ಹಿಂದೆ ನಿಂತಿದ್ದೆ.

"ಬಾ ಇಲ್ಲಿ" ಎಂದಳು, ತಲೆ ಎತ್ತದೆ. "ಮೂರು ಬಚ್ಚಿಟ್ರೆ ಆರು ಕೆತ್ತೋಕೆ ನಂಗೆ ಬರ್ತದೆ. ದಿನ ಬಚ್ಚಿಡೋಕೆ ಬರಲ್ಲ ಕಣೇ. ನಿಂಗೂ ಬರಲ್ಲ."

ನಾನು ಅತ್ತುಬಿಟ್ಟೆ. ಅವಳು ಉಳಿಯನ್ನು ಕೆಳಗಿಟ್ಟು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಷ್ಟು ದೊಡ್ಡವಳಾಗಿದ್ದೆ, ಕಾಲು ನೆಲಕ್ಕೆ ತಾಗುತ್ತಿತ್ತು.

ಬಾಸಿಗೆ ತಂತಿ ಬಿಗಿದದ್ದು ಒಂದು ಭಾನುವಾರ. ರೈಟರು ತಮ್ಮ ಗಿಟಾರು ಹಿಡಿದು ಮಣೆಯ ಮೇಲೆ ಕೂತಿದ್ದರು. ಅಪ್ಪಯ್ಯ ಕಂಬಕ್ಕೆ ಒರಗಿದ್ದರು. ಅತ್ತೆ ಬಾಸನ್ನು ಎಡ ಹೆಗಲಿಗೆ ಆನಿಸಿಕೊಂಡು, ಅತಿ ದಪ್ಪನೆಯ ಹುರಿಯನ್ನು ಹೆಬ್ಬೆರಳಿನಿಂದ ಮೀಟಿದಳು. ರೈಟರು ಹೇಳಿದ್ದು ನಿಜ, ಮೊದಲು ತಿಳಿದದ್ದು ಅಂಗಾಲಿಗೆ. ಅಡಿಗೆಮನೆಯ ಗೂಡಿನಲ್ಲಿ ಸಾಲಾಗಿಟ್ಟಿದ್ದ ಹಿತ್ತಾಳೆ ಲೋಟಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ಅಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ತಟ್ಟಿಯ ಆಚೆಯಿಂದ ಹೊರಗೆ ಬಂದಳು.

"ಇನ್ನೊಂದ್ಸಲ ಮಾಡು" ಎಂದಳು.

ಅತ್ತೆ ಮಾಡಿದಳು. ರೈಟರು ಮೆಲ್ಲನೆ ಜೊತೆ ಸೇರಿದರು. ಆಗ ಅಮ್ಮ, ಯಾರೂ ಕೇಳದೆ, ತನ್ನ ತವರಿನ ಕಡೆ ಭತ್ತ ಕುಟ್ಟುವಾಗ ಹೇಳುವ ಒಂದು ಹಾಡು ತೆಗೆದಳು. ಅವಳಿಗೆ ಹಾಡು ಬರುತ್ತದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ದನಿ ಒರಟಾಗಿತ್ತು, ಎರಡು ಕಡೆ ಜಾರಿತು. ಜಾರಿದಾಗ ಕೆಳಗಿನಿಂದ ಬಾಸು ಅದನ್ನು ಹಿಡಿದುಕೊಂಡಿತು. ಅಪ್ಪಯ್ಯ ಮುಖಕ್ಕೆ ಪಂಚೆ ಅಡ್ಡ ಹಿಡಿದು ಕಣದ ಕಡೆ ತಿರುಗಿ ನಿಂತರು. ಹೊತ್ತು ಇಳಿಯುವವರೆಗೂ ಅವರು ಮೂವರೂ ಅದೇ ಹಾಡನ್ನು ಮತ್ತೆ ಮತ್ತೆ ನುಡಿಸಿದರು, ಹಾಡಿದರು. ನನ್ನ ಬದುಕಿನಲ್ಲಿ ಆಮೇಲೆ ಒಳ್ಳೆಯ ದಿನಗಳು ಬರಲಿಲ್ಲವೆಂದಲ್ಲ. ಆದರೆ ನಾನು ವಾಪಸು ಹೋಗಬೇಕೆಂದು ಬಯಸುವ ಮಧ್ಯಾಹ್ನ ಅದೊಂದೇ.

ಆ ವಾರವೇ ಅತ್ತೆ ಮಾವನಿಗೆ ಹೇಳಿ ಕಳಿಸಿದಳು. ಹೊರಡುವ ದಿನ ಅಪ್ಪಯ್ಯ ಬಾಸನ್ನು ಗಾಡಿಯಲ್ಲಿ ಕಟ್ಟಿ ಕಳಿಸುತ್ತೇನೆ ಎಂದರು. ಅತ್ತೆ ಬೇಡವೆಂದಳು. "ಅಲ್ಲಿ ಇದನ್ನ ನಿಲ್ಲಿಸೋವಷ್ಟು ಜಾಗ ಇಲ್ಲ ಅಣ್ಣಯ್ಯ" ಎಂದಳು. ಮಗುವನ್ನು ಎದೆಗೆ ಕಟ್ಟಿಕೊಂಡು ಏರು ಹತ್ತಿದವಳು ತಿರುಗಿ ನೋಡಲಿಲ್ಲ. ಮಾವ ಬಟ್ಟೆಗಂಟು ಹಿಡಿದು ಹಿಂದೆ ನಡೆದರು. ಅಂದು ಮಧ್ಯಾಹ್ನ ಅಮ್ಮ ರೂಢಿಯಂತೆ ನಾಲ್ಕು ಜನಕ್ಕೆ ಅಕ್ಕಿ ಅಳೆದು, ಮತ್ತೆ ಒಂದಿಷ್ಟನ್ನು ಡಬ್ಬಿಗೆ ಸುರಿದಳು.

ಆ ಮಳೆಗಾಲ ಬಾಸು ತಡೆಯಿತು. ಮುಂದಿನ ಮಳೆಗಾಲ ಬೆನ್ನು ಬಿಟ್ಟಿತು. ಅಪ್ಪಯ್ಯ ಅಂಟಿಸಿದರು. ಅದರ ಮುಂದಿನ ವರ್ಷ ಹೊಟ್ಟೆಯ ಹಲಗೆಯೇ ಉದ್ದಕ್ಕೆ ಸೀಳಿತು. ಅಷ್ಟು ಹೊತ್ತಿಗೆ ರೈಟರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಅಪ್ಪಯ್ಯ ಅದನ್ನು ಬಿಚ್ಚಿ, ಹಲಗೆಗಳನ್ನು ಅಟ್ಟಕ್ಕೆ ಹಾಕಿದರು. ಅಲ್ಲಿಂದ ಅವು ಒಂದೊಂದಾಗಿ ಕೆಳಗಿಳಿದು ಅಮ್ಮನ ಉಪ್ಪಿನ ಪೆಟ್ಟಿಗೆಯ ಮುಚ್ಚಳವಾಗಿ, ಕರುವಿನ ಗೋದಲಿಯಾಗಿ ಹೋದವು. ಅಪ್ಪಯ್ಯ ಮತ್ತೆ ವಾದ್ಯ ಮಾಡಲಿಲ್ಲ.

ನನಗೆ ಹದಿನಾರು ತುಂಬಿದ ವರ್ಷ ಒಬ್ಬಳೇ ಬಸ್ಸು ಹತ್ತಿ ಕಳಸಕ್ಕೆ ಹೋದೆ. ಒಂದು ಪ್ರಶ್ನೆ ಇಷ್ಟು ವರ್ಷ ನನ್ನನ್ನು ತಿನ್ನುತ್ತಿತ್ತು. ಅತ್ತೆಯ ಮನೆ ಕಿರಿದು, ಮುಂದಿನ ಕೋಣೆಯಲ್ಲಿ ಮಾವ ಕುಲುಮೆಯ ಮುಂದೆ ಕೂತಿದ್ದರು. ಅತ್ತೆಯ ಕೂದಲು ಅಲ್ಲಲ್ಲಿ ನೆರೆತಿತ್ತು. ಶಾರದೆ ಎದುರು ಹಲ್ಲು ಬಿದ್ದ ಬಾಯಿಯಲ್ಲಿ ಅವಳನ್ನು ಅಮ್ಮ, ಅಮ್ಮ ಎಂದು ನಿಮಿಷಕ್ಕೊಮ್ಮೆ ಕರೆಯುತ್ತಿದ್ದಳು. ಕಡುಬು ಬಡಿಸುವಾಗ ಕೇಳಿದೆ.

"ಅವತ್ತು ನಾನು ಬಂದು ಕರೆದಿದ್ದಕ್ಕೆ ನಿಂಗೆ ಬೇಜಾರಿದೆಯಾ ಅತ್ತೆ?"

ಅವಳು ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.

"ಬಚ್ಚಲಿಗೆ ಅಳು ಕೇಳಿಸ್ತಿತ್ತು. ನೀನು ಬರೋ ಹೊತ್ತಿಗೆ ನಾನು ಎದ್ದು ನಿಂತಿದ್ದೆ. ನೀನು ನೋಡಿಲ್ಲ ಅಷ್ಟೇ. ತುಪ್ಪ ಹಾಕ್ಕೋ."

ಸಂಜೆಯ ಬಸ್ಸಿಗೆ ತಾಯಿ ಮಗಳಿಬ್ಬರೂ ಬಂದು ನನ್ನನ್ನು ಹತ್ತಿಸಿದರು. ನಾನು ಕಿಟಕಿಯ ಬಳಿ ಕೂತೆ. ಬಸ್ಸು ಹೊರಡುವಾಗ ಅತ್ತೆ ಕಿಟಕಿಯ ಸರಳು ಹಿಡಿದುಕೊಂಡು, ಅಂದು ಮೊದಲ ಬಾರಿಗೆ, ಅದರ ಹೆಸರೆತ್ತಿದಳು.

"ಬಾಸು ನುಡೀತಾ ಇದೆಯಾ?"

"ನುಡೀತಿದೆ ಅತ್ತೆ" ಎಂದೆ. "ಭಾನುವಾರ ಭಾನುವಾರ ಅಪ್ಪಯ್ಯ ನುಡಿಸ್ತಾರೆ. ಅಮ್ಮ ಹಾಡ್ತಾಳೆ."

ಅವಳು ಸರಳು ಬಿಟ್ಟು ಹಿಂದೆ ಸರಿದಳು. ಬಸ್ಸು ತಿರುವಿನವರೆಗೆ ನಾನು ಕತ್ತು ಹೊರಗೆ ಹಾಕಿ ನೋಡುತ್ತಲೇ ಇದ್ದೆ. ಅತ್ತೆ ಬಗ್ಗಿ ಶಾರದೆಗೆ ಏನೋ ಹೇಳುತ್ತಿದ್ದಳು. ಎರಡೂ ಕೈಗಳನ್ನು ತಲೆಗಿಂತ ಮೇಲೆತ್ತಿ, ಆಮೇಲೆ ಅಗಲಿಸಿ, ಅದು ಎಷ್ಟು ಎತ್ತರ, ಎಷ್ಟು ಅಗಲ ಎಂದು ತೋರಿಸುತ್ತಿದ್ದಳು.